ಅಧಿಕಾರ ಕೈಗೆ ಬಂದರೆ ವಿಶ್ವಾಸ ಉಳಿಯುತ್ತಾ? ಹಳೆ ಬಲಿಪೂಜೆ, ರಾಜಕೀಯ, ಖಾಲಿಯಾದ ದೇವಾಲಯಗಳು

ಜಪಸರ:
ಎಲ್ಲರಿಗೂ ನಮಸ್ಕಾರ. ಕಥೋಲಿಕರ ಹಳೆ ಲ್ಯಾಟಿನ್ ಬಲಿಪೂಜೆಯನ್ನು ಪ್ರೀತಿಸುವವರ ನಡುವೆ ಈಗ ಒಂದು ಮಾತು ಜೋರಾಗಿ ಓಡಾಡುತ್ತಿದೆ. ಸಮಾಜ ಕೆಟ್ಟಿದೆ, ಸರ್ಕಾರ ನಮ್ಮವರ ಕೈಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ. ನಾನೂ ಪರಂಪರೆಯ ಕಡೆಯವನೇ. ಆದರೂ ಈ ಮಾತಿಗೆ ನನ್ನ ತಕರಾರಿದೆ. ಚುನಾವಣೆ ಸೋತು ನಾವು ವಿಶ್ವಾಸ ಕಳೆದುಕೊಂಡಿಲ್ಲ. ಅದು ನಮ್ಮ ಕೈಯಿಂದ ಜಾರಿದ್ದು ಬಲಿಪೀಠದ ಹತ್ತಿರ, ಮನೆಯ ಊಟದ ತಟ್ಟೆಯ ಹತ್ತಿರ.

ಉಪವಾಸವನ್ನೇ ನೋಡಿ. ಹಿಂದೆ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ದೇಹವೆಂದು ಕೊಡುವ ರೊಟ್ಟಿ) ಸ್ವೀಕರಿಸಬೇಕಾದರೆ ನಡುರಾತ್ರಿಯಿಂದ ಏನೂ ಮುಟ್ಟುವಂತಿರಲಿಲ್ಲ, ನೀರು ಕೂಡ. 1953ರಲ್ಲಿ ಪೋಪ್ 12ನೇ ಪಯಸ್ ನೀರು ಕುಡಿಯಬಹುದು ಅಂದರು. 1957ರಲ್ಲಿ ಅವರೇ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ 6ನೇ ಪಾಲ್ ಒಂದು ಗಂಟೆ ಸಾಕು ಅಂದರು. ಒಂದು ಗಂಟೆ ಅಂದರೆ ಮನೆಯಿಂದ ಹೊರಟು ಪ್ರಬೋಧನೆ ಕೇಳುವಷ್ಟರಲ್ಲಿ ಮುಗಿದುಹೋಗುತ್ತದೆ. 1966ರ ಕೊನೆಯಲ್ಲಿ ಅಮೆರಿಕದ ಬಿಷಪ್‌ಗಳು ವರ್ಷದ ಬಹುಪಾಲು ಶುಕ್ರವಾರಗಳಿಗೆ ಮಾಂಸ ಬಿಡುವ ಕಡ್ಡಾಯವನ್ನು ತೆಗೆದರು. ಬದಲಿಗೆ ನಿಮಗೆ ತೋಚಿದ ತಪಸ್ಸು ಮಾಡಿ ಅಂದರು. ತೋಚಿದ್ದನ್ನು ಮಾಡಿ ಅಂದಮೇಲೆ ಆಗುವುದೇ ಆಯಿತು. ಮಾಂಸವೂ ಬಂತು, ತಪಸ್ಸೂ ಹೋಯಿತು. ವಾರಕ್ಕೊಮ್ಮೆ ಮಗು "ಇವತ್ತು ಯಾಕೆ ಮಾಂಸ ಇಲ್ಲ?" ಅಂತ ಕೇಳುತ್ತಿತ್ತು, ತಾಯಿ ಶಿಲುಬೆಯ ಕಥೆ ಹೇಳುತ್ತಿದ್ದಳು. ಆ ಪ್ರಶ್ನೆಯೇ ಮನೆಯಿಂದ ಹೊರಟುಹೋಯಿತು.

ಆಮೇಲೆ ಪೂಜೆ. 1969ರ ನವೆಂಬರ್ 30, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ಅಂದಿನಿಂದ ಹೊಸ ಪೂಜಾ ಕ್ರಮ ಜಾರಿಗೆ ಬಂತು. ಹಳೆಯದರಲ್ಲಿ ನನ್ನ ಮನಸ್ಸು ಹಿಡಿದಿಟ್ಟ ಒಂದು ಸಣ್ಣ ವಿಷಯ ಹೇಳುತ್ತೇನೆ. ರೊಟ್ಟಿಯನ್ನು ಪ್ರತಿಷ್ಠಾಪಿಸಿದ ಮೇಲೆ ಗುರುಗಳು ಹೆಬ್ಬೆರಳು, ತೋರುಬೆರಳು ಎರಡನ್ನೂ ಸೇರಿಸಿ ಹಿಡಿಯುತ್ತಾರೆ. ಪುಟ ತಿರುಗಿಸುವಾಗಲೂ, ಪಾತ್ರೆ ಎತ್ತುವಾಗಲೂ ಬಿಡುವುದಿಲ್ಲ. ಕೊನೆಗೆ ಬೆರಳು ತೊಳೆಯುವವರೆಗೂ ಹಾಗೇ ಇರುತ್ತದೆ. ಒಂದು ಕಣವೂ ಬೀಳಬಾರದು ಅಂತ. ಪರಮಪ್ರಸಾದದಲ್ಲಿ ಯಾರಿದ್ದಾರೆ ಅನ್ನುವುದನ್ನು ನೂರು ಪ್ರಬೋಧನೆ ಹೇಳುವುದಕ್ಕಿಂತ ಆ ಎರಡು ಬೆರಳು ಚೆನ್ನಾಗಿ ಹೇಳುತ್ತವೆ. ಹೊಸ ಕ್ರಮದಲ್ಲಿ ಅದು ಕಡ್ಡಾಯವಲ್ಲ. ಇಂಥ ನೂರಾರು ಸಣ್ಣ ಸಣ್ಣ ಕಲಿಕೆಗಳನ್ನು ಒಟ್ಟಿಗೆ ಕೈಬಿಟ್ಟು, ಈಗ ಜನ ನಂಬುವುದಿಲ್ಲ ಅಂತ ಕೊರಗುವುದು ಸರಿಯಾ?

ಹಾಗಾಗಿ ನನ್ನ ಮಾತು ಇಷ್ಟು. ಮೊದಲು ಪೂಜೆ, ಉಪವಾಸ, ಮನೆಯ ಪ್ರಾರ್ಥನೆ. ಇವು ಇಲ್ಲದೆ ಬರೀ ಅಧಿಕಾರ ಹಿಡಿದರೆ ಒಂದು ತಲೆಮಾರೂ ನಿಲ್ಲುವುದಿಲ್ಲ. ನೀವೇನಂತೀರಿ?

ಉಪದೇಶಿ ಟೀಚರ್:
ಜಪಸರ ಅವರೇ, ಉಪವಾಸದ ಮಾತು ಒಪ್ಪುತ್ತೇನೆ. ಉಳಿದದ್ದು ಅಷ್ಟು ಸುಲಭ ಅಲ್ಲ. ಎಲ್ಲ ತಪ್ಪನ್ನೂ 1960ರ ದಶಕದಲ್ಲಿ ಲೋಕದ ಬಿಷಪ್‌ಗಳು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯ ತಲೆಗೆ ಕಟ್ಟಬೇಡಿ.

ಅದೇ ವರ್ಷಗಳಲ್ಲಿ ಆಂಗ್ಲಿಕನ್ ಸಭೆಯಲ್ಲೂ ಜನ ಕಡಿಮೆಯಾದರು. ನೆದರ್ಲೆಂಡ್ಸಿನ ಪ್ರೊಟೆಸ್ಟಂಟ್ ಸಭೆಗಳಲ್ಲೂ ಅದೇ ಕಥೆ. ಅವರ ಪೂಜೆಯನ್ನು ವ್ಯಾಟಿಕನ್ ಮುಟ್ಟಿರಲಿಲ್ಲ ಅಲ್ವಾ? ಫ್ರಾನ್ಸಿನ ಎಷ್ಟೋ ಹಳ್ಳಿಗಳಲ್ಲಿ ಗಂಡಸರು ದೇವಾಲಯಕ್ಕೆ ಬರುವುದನ್ನು 19ನೇ ಶತಮಾನದಲ್ಲೇ ಬಿಟ್ಟಿದ್ದರು. ಆಗ ಇದ್ದದ್ದು ಲ್ಯಾಟಿನ್ ಪೂಜೆಯೇ.

ಇನ್ನೊಂದು ವಿಷಯ. ಪೂಜೆಯ ಸುಧಾರಣೆ 1960ರ ದಶಕದಲ್ಲಿ ದಿಢೀರ್ ಅಂತ ಆಕಾಶದಿಂದ ಬೀಳಲಿಲ್ಲ. ಜನ ಪೂಜೆಯಲ್ಲಿ ಮನಸಾರೆ ಪಾಲ್ಗೊಳ್ಳಬೇಕು ಅಂತ 1903ರಲ್ಲೇ ಬರೆದವರು 10ನೇ ಪಯಸ್. ಹೊಸತನದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಪೋಪ್ ಸಿಗುವುದು ಕಷ್ಟ. ಪಾಸ್ಖ (ಈಸ್ಟರ್) ಜಾಗರಣೆಯನ್ನೇ ತೆಗೆದುಕೊಳ್ಳಿ. ಶತಮಾನಗಳ ಕಾಲ ಅದು ಶನಿವಾರ ಬೆಳಿಗ್ಗೆ ನಡೆಯುತ್ತಿತ್ತು. ಕಿಟಕಿಯಲ್ಲಿ ಬಿಸಿಲು ಬೀಳುತ್ತಿರುವಾಗ ಗುರುಗಳು ಮೇಣದ ಬತ್ತಿ ಹಚ್ಚಿ "ಇದೇ ಆ ರಾತ್ರಿ" ಅಂತ ಹಾಡುತ್ತಿದ್ದರು. 1951ರಲ್ಲಿ 12ನೇ ಪಯಸ್ ಅದನ್ನು ಮತ್ತೆ ರಾತ್ರಿಗೆ ತಂದರು. ಅದು ಪರಂಪರೆಯ ವಿರುದ್ಧವಾ? ನನ್ನ ಪ್ರಕಾರ ಪರಂಪರೆಗೆ ವಾಪಸ್ ಹೋದದ್ದು.

ಪೂಜೆಯ ಬಗ್ಗೆ ಮಹಾಸಭೆ ಏನು ಹೇಳಿತು ಅಂತ ಎಷ್ಟು ಜನ ಓದಿದ್ದಾರೆ? 1963ರ ಡಿಸೆಂಬರ್ 4ರಂದು 2,147 ಮತಗಳು ಪರ, 4 ವಿರುದ್ಧ ಬಂದು ಆ ದಾಖಲೆ ಅಂಗೀಕಾರವಾಯಿತು. ಲ್ಯಾಟಿನ್ ಉಳಿಯಬೇಕು, ಹಳೆ ಲ್ಯಾಟಿನ್ ಪೂಜಾಗಾನವಾದ ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಇರಬೇಕು ಅಂತ ಅದರಲ್ಲೇ ಇದೆ. ಅದನ್ನು ಗಾಳಿಗೆ ತೂರಿದವರು ಜಾರಿಗೆ ತಂದವರು. ಹಾಗಂತ ಬಂದದ್ದೆಲ್ಲ ಕೆಟ್ಟದ್ದಲ್ಲ. ಈಗ ಮೂರು ವರ್ಷದ ಚಕ್ರದಲ್ಲಿ ಭಾನುವಾರದ ವಾಚನಗಳು ಬರುತ್ತವೆ, ಹಳೆ ಒಡಂಬಡಿಕೆ ಜಾಸ್ತಿ ಕೇಳಿಸುತ್ತದೆ. ನಾನು ಮಕ್ಕಳಿಗೆ ಧರ್ಮೋಪದೇಶ ಹೇಳುವವಳು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಾಕ್ಯ ಕೇಳಿಸುವುದನ್ನು ನಷ್ಟ ಅಂತ ನಾನು ಯಾವತ್ತೂ ಒಪ್ಪುವುದಿಲ್ಲ.

ಕ್ರಿಸ್ತರಾಜ:
ಇಬ್ಬರೂ ಪೂಜೆಯ ಒಳಗೇ ಸುತ್ತುತ್ತಿದ್ದೀರಿ. ದೇವಾಲಯದ ಹೊರಗೆ ಏನಾಯಿತು ಅಂತ ನೋಡಿ.

ಫ್ರಾನ್ಸಿನಲ್ಲಿ 1882ರ ಕಾನೂನು ಸರ್ಕಾರಿ ಶಾಲೆಯಿಂದ ಧರ್ಮಪಾಠ ತೆಗೆಯಿತು. 1905ರ ಕಾನೂನು ಸರ್ಕಾರವನ್ನೂ ಧರ್ಮಸಭೆಯನ್ನೂ ಬೇರೆ ಮಾಡಿತು. ಇವತ್ತಿಗೂ ಅಲ್ಲಿನ ಹಳೆ ಕ್ಯಾಥೆಡ್ರಲ್‌ಗಳು ಸರ್ಕಾರದ ಆಸ್ತಿ, ಹಳ್ಳಿಯ ಹಳೆ ದೇವಾಲಯಗಳು ಪುರಸಭೆಯ ಆಸ್ತಿ. ವಿಶ್ವಾಸ ಕಿತ್ತುಹಾಕಲು ಬಯಸಿದವರು ಕಾನೂನಿನ ಬಲವನ್ನು ಚೆನ್ನಾಗಿ ಅರಿತಿದ್ದರು. ನಾವು ಮಾತ್ರ ಕಾನೂನಿನಿಂದ ಏನೂ ಆಗುವುದಿಲ್ಲ ಅಂತ ಸುಮ್ನೆ ಕೂತರೆ ಹೇಗೆ?

ಕಾನೂನು ಪಾಠ ಹೇಳುತ್ತದೆ. ಭಾನುವಾರ ಅಂಗಡಿ ಮುಚ್ಚಿರಬೇಕು ಅಂದರೆ ಜನಕ್ಕೆ ಆ ದಿನ ಬೇರೆ ಅಂತ ಗೊತ್ತಾಗುತ್ತದೆ. ವಿಚ್ಛೇದನ ಸಲೀಸಾದರೆ ಮದುವೆ ಅಂದರೆ ಏನು ಅನ್ನುವ ಕಲ್ಪನೆಯೇ ಬದಲಾಗುತ್ತದೆ. ಇದಕ್ಕೇ 11ನೇ ಪಯಸ್ 1925ರಲ್ಲಿ ಕ್ರಿಸ್ತರಾಜರ ಹಬ್ಬ ತಂದರು. ಕ್ರಿಸ್ತರು ನನ್ನ ಮನಸ್ಸಿಗೆ ಮಾತ್ರ ರಾಜರಲ್ಲ, ಸಮಾಜಕ್ಕೂ ರಾಜ್ಯಕ್ಕೂ ರಾಜರು ಅನ್ನುವುದು ಆ ಹಬ್ಬದ ತಿರುಳು. ಮೊದಲು ಅದು ಅಕ್ಟೋಬರ್ ಕೊನೆಯ ಭಾನುವಾರ ಇತ್ತು, ಸಕಲ ಸಂತರ ಹಬ್ಬಕ್ಕೆ ಸ್ವಲ್ಪ ಮುಂಚೆ. 1969ರ ಪಂಚಾಂಗದಲ್ಲಿ ಪೂಜಾ ವರ್ಷದ ಕೊನೆಗೆ ಹೋಯಿತು. ಈಗ ಅದನ್ನು ಕೇಳಿದವರಿಗೆ ಲೋಕದ ಅಂತ್ಯ ನೆನಪಾಗುತ್ತದೆ, ಈ ಹೊತ್ತಿನ ಸಂಸತ್ತು, ನ್ಯಾಯಾಲಯ ನೆನಪಾಗುವುದಿಲ್ಲ.

ಜಪಸರ ಅಣ್ಣ, ನೀವು ಹೇಳುವ ಮನೆಯ ಪ್ರಾರ್ಥನೆಗೂ ನೆರಳು ಬೇಕು. ಅಪ್ಪ ಅಮ್ಮ ಎರಡೆರಡು ಪಾಳಿ ದುಡಿದು ಬಂದರೆ ಜಪಸರಕ್ಕೆ ಕೂರುವುದು ಯಾವಾಗ? ಸಂಸಾರ ಸಾಗುವಷ್ಟು ಕೂಲಿ ಕೊಡಬೇಕು ಅಂತ ಪೋಪ್ 13ನೇ ಲಿಯೋ 1891ರಲ್ಲೇ ಬರೆದರು. ಅದು ಪಕ್ಕಾ ರಾಜಕೀಯದ ವಿಷಯ.

ಜಪಸರ:
ಕ್ರಿಸ್ತರಾಜ ಅವರೇ, ಕೂಲಿಯ ಮಾತು ನೂರಕ್ಕೆ ನೂರು ಸರಿ. ಆ ಹಬ್ಬದ ಬೋಧನೆಯನ್ನೂ ನಾನು ಬಿಟ್ಟುಕೊಡುವವನಲ್ಲ. ನನ್ನ ಪ್ರಶ್ನೆ ಬೇರೆ. ಕಾನೂನು, ಶಾಲೆ, ಆಸ್ಪತ್ರೆ ಎಲ್ಲ ಕೈಯಲ್ಲಿದ್ದ ಕಡೆ ಏನಾಯಿತು?

ಕೆನಡಾದ ಕ್ವಿಬೆಕ್ ನೋಡಿ. 1960ರವರೆಗೂ ಅಲ್ಲಿ ಕಥೋಲಿಕರ ಶಾಲೆ, ಆಸ್ಪತ್ರೆ ನಡೆಸುತ್ತಿದ್ದದ್ದು ಧರ್ಮಸಭೆಯೇ. 1936ರಲ್ಲಿ ಡುಪ್ಲೆಸ್ಸಿ ಸರ್ಕಾರ ಶಾಸನಸಭೆಯಲ್ಲಿ ಸಭಾಧ್ಯಕ್ಷರ ಕುರ್ಚಿಯ ಮೇಲೆ ಶಿಲುಬೆ ತೂಗುಹಾಕಿತು. ಅದಕ್ಕಿಂತ ಜಾಸ್ತಿ ಏನು ಬೇಕು? 1960ರಲ್ಲಿ ಸರ್ಕಾರ ಬದಲಾಯಿತು. 1964ರಲ್ಲಿ ಶಿಕ್ಷಣಕ್ಕೆ ಸರ್ಕಾರದ ಖಾತೆ ಬಂತು. ಒಂದೇ ತಲೆಮಾರಿನಲ್ಲಿ ದೇವಾಲಯ, ಸನ್ಯಾಸಿನಿಯರ ಮಠಗಳು ಖಾಲಿಯಾದವು. ಆ ಶಿಲುಬೆ ಮಾತ್ರ ಗೋಡೆಯ ಮೇಲೇ ಇತ್ತು. ಅದರ ಕೆಳಗೇ ಕೂತು ಬೇರೆ ಬೇರೆ ಕಾನೂನು ಮಾಡುತ್ತಾ ಹೋದರು. ಕೊನೆಗೆ 2019ರಲ್ಲಿ ಅದನ್ನೂ ಇಳಿಸಿದರು.

ಐರ್ಲೆಂಡ್ ಇನ್ನೂ ಕಣ್ಣಿಗೆ ಹೊಡೆಯುತ್ತದೆ. 1937ರ ಸಂವಿಧಾನದಲ್ಲೇ ಕಥೋಲಿಕ ಸಭೆಗೆ ವಿಶೇಷ ಸ್ಥಾನ ಅಂತ ಬರೆದಿದ್ದರು. 1972ರ ಜನಮತದಲ್ಲಿ ಅದು ಹೋಯಿತು. 1983ರಲ್ಲಿ ಹುಟ್ಟದ ಮಗುವಿನ ಜೀವಕ್ಕೆ ಸಂವಿಧಾನದ ರಕ್ಷಣೆ ಕೊಡಲು ಹೆಚ್ಚುಕಡಿಮೆ 67% ಜನ ಹೌದು ಅಂದರು. 2018ರಲ್ಲಿ ಅದನ್ನು ತೆಗೆಯಲು 66% ಜನ ಹೌದು ಅಂದರು. ಮೂವತ್ತೈದು ವರ್ಷ ಆ ಕಾನೂನು ಪಾಠ ಹೇಳುತ್ತಲೇ ಇತ್ತು. ಕೇಳುವವರು ಎದ್ದು ಹೋಗಿದ್ದರು.

ನಮ್ಮ ಕಡೆಯವರಿಗೆ ಹಿಡಿಸದ ಒಂದು ಕಥೆಯೂ ಇದೆ. ಫ್ರಾನ್ಸಿನ ಆಕ್ಸಿಯೋ ಫ್ರಾನ್ಸೇಸ್ ಎಂಬ ರಾಷ್ಟ್ರವಾದಿ ಚಳವಳಿಯ ನಾಯಕ ಮೋರಾಸ್‌ಗೆ ಸ್ವತಃ ದೇವರಲ್ಲಿ ನಂಬಿಕೆ ಇರಲಿಲ್ಲ. ದೇಶ ಶಿಸ್ತಾಗಿರಲು ಕಥೋಲಿಕ ಧರ್ಮ ಒಳ್ಳೆಯ ಕಟ್ಟು ಅನ್ನುವುದು ಅವನ ಲೆಕ್ಕ. ಎಷ್ಟೋ ಗುರುಗಳು, ಭಕ್ತರು ಅವನ ಹಿಂದೆ ಹೋದರು. 1926ರಲ್ಲಿ 11ನೇ ಪಯಸ್ ಅದನ್ನು ಖಂಡಿಸಿದರು. ಅದರ ಗದ್ದಲದಲ್ಲಿ ಬಿಯೋ ಅನ್ನುವ ಹೆಸರಾಂತ ದೈವಶಾಸ್ತ್ರಜ್ಞರು 1927ರಲ್ಲಿ ಕಾರ್ಡಿನಲ್ ಪದವಿಯನ್ನೇ ಬಿಟ್ಟರು. ಇದನ್ನು ಖಂಡಿಸಿದವರು ಯಾರು ನೋಡಿ. ಅದರ ಹಿಂದಿನ ವರ್ಷ ತಾನೇ ಕ್ರಿಸ್ತರಾಜರ ಹಬ್ಬ ತಂದ ಪೋಪ್! ಕ್ರಿಸ್ತರು ಸಮಾಜಕ್ಕೆ ರಾಜರು ಅನ್ನುವುದೂ, ಒಂದು ಪಕ್ಷಕ್ಕೆ ಕ್ರಿಸ್ತರು ಬಾವುಟ ಅನ್ನುವುದೂ ಒಂದೇ ಅಲ್ಲ ಅಂತ ಅವರಿಗೆ ಸ್ಪಷ್ಟವಾಗಿತ್ತು.

ಟೀಚರ್, ನಿಮ್ಮ ಪ್ರೊಟೆಸ್ಟಂಟ್ ಉದಾಹರಣೆಗೆ ಒಂದು ಮಾತು. ಹೊರಗಿನ ಬಿರುಗಾಳಿ ಎಲ್ಲರಿಗೂ ಬೀಸಿತು, ಒಪ್ಪಿದೆ. ಬಿರುಗಾಳಿ ಬೀಸುವ ಹೊತ್ತಿಗೇ ನಾವು ಕಿಟಕಿ ಬಿಚ್ಚಿಟ್ಟೆವು ಅನ್ನುವುದು ನನ್ನ ದೂರು.

ಕಿಟಕಿ ಪಕ್ಕ:
ಚರ್ಚೆ ಓದುತ್ತಿದ್ದೇನೆ. ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಿಲ್ಲ ತಾನೇ? ಪರಂಪರೆಯವರು ಅಂದರೆ ಎಲ್ಲರೂ ಪೋಪ್ ವಿರುದ್ಧ ಇರುವವರಾ? ಹಳೆ ಪೂಜೆ ಈಗ ನಿಷೇಧವಾ?

ಹಿಂದಿನ ಬೆಂಚು:
ಕಿಟಕಿ ಪಕ್ಕ ಅವರೇ, ಚಿಕ್ಕದಾಗಿ ಹೇಳುತ್ತೇನೆ.

ಎಲ್ಲರೂ ಒಂದೇ ಅಲ್ಲ. ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರ್ 1970ರಲ್ಲಿ ಸಂತ 10ನೇ ಪಯಸ್ ಸಂಘ ಕಟ್ಟಿದರು. 1988ರ ಜೂನ್ 30ರಂದು ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ರೋಮ್‌ನ ಅನುಮತಿ ಇಲ್ಲದೆ ನಾಲ್ವರನ್ನು ಬಿಷಪ್ ಆಗಿ ಅಭಿಷೇಕಿಸಿದರು. ಬಹಿಷ್ಕಾರ ಬಂತು. ಆ ನಾಲ್ವರ ಬಹಿಷ್ಕಾರವನ್ನು 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತೆಗೆದರು. ಆದರೆ ಸಂಘದ ಸ್ಥಾನ ಅದರಿಂದ ಇತ್ಯರ್ಥವಾಗಲಿಲ್ಲ. 1988ರಲ್ಲೇ ಆ ಸಂಘ ಬಿಟ್ಟು ಪೋಪ್ ಜೊತೆ ಉಳಿದ ಗುರುಗಳು ಸಂತ ಪೇತ್ರರ ಸಹೋದರ ಸಂಘ ಆರಂಭಿಸಿದರು. ಅವರು ಹಳೆ ಪೂಜೆಯನ್ನೇ ಅರ್ಪಿಸುತ್ತಾರೆ, ರೋಮ್‌ನ ಪೂರ್ತಿ ಒಪ್ಪಿಗೆಯೊಂದಿಗೆ. ಇವರಿಬ್ಬರ ಹೊರಗೆ, 1958ರಿಂದ ಈಚೆಗೆ ಬಂದವರು ಪೋಪ್‌ಗಳೇ ಅಲ್ಲ ಅನ್ನುವ ಸಣ್ಣ ಗುಂಪೂ ಇದೆ. ಅವರನ್ನು ಉಳಿದವರ ಜೊತೆ ಒಂದೇ ಚೀಲಕ್ಕೆ ಹಾಕುವುದು ಅನ್ಯಾಯ.

ನಿಷೇಧ ಅಲ್ಲ, ಕಟ್ಟುಪಾಡು. 2007ರ ಜುಲೈ 7ರಂದು 16ನೇ ಬೆನೆಡಿಕ್ಟ್ ಹಳೆ ಪೂಜೆಗೆ ಬಾಗಿಲು ತೆರೆದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಬಿಗಿ ಮಾಡಿದರು. ಬಿಷಪ್ ಅನುಮತಿ ಬೇಕು, ಧರ್ಮಕೇಂದ್ರದ (ಒಂದು ಊರಿನ ಕಥೋಲಿಕರ ಘಟಕದ) ಸಾಮಾನ್ಯ ದೇವಾಲಯದಲ್ಲಿ ಬೇಡ, ಹೊಸ ಗುರುಗಳ ವಿಷಯದಲ್ಲಿ ರೋಮ್ ಅನ್ನು ಕೇಳಬೇಕು ಅಂತ. ಕೆಲವರು ಈ ಪೂಜೆಯ ನೆಪದಲ್ಲಿ ಮಹಾಸಭೆಯನ್ನೇ ತಳ್ಳಿಹಾಕುತ್ತಿದ್ದಾರೆ, ಐಕ್ಯತೆ ಒಡೆಯುತ್ತಿದೆ ಅನ್ನುವುದು ಅವರ ಕಾರಣ. ಆ ಕಾಯಿಲೆ ಇದ್ದದ್ದು ನಿಜ. ಆದರೆ ಔಷಧಿ ಬಿದ್ದದ್ದು ತಮ್ಮ ಪಾಡಿಗೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಸಂಸಾರಗಳ ಮೇಲೆ. ನನಗೆ ಅದು ಇವತ್ತಿಗೂ ನೋವು. 2025ರ ಅಕ್ಟೋಬರ್‌ನಲ್ಲಿ, 14ನೇ ಲಿಯೋ ಪೋಪ್ ಆದ ಮೇಲೆ, ಸಂತ ಪೇತ್ರರ ಮಹಾದೇವಾಲಯದಲ್ಲೇ ಕಾರ್ಡಿನಲ್ ಬರ್ಕ್ ಹಳೆ ಪೂಜೆ ಅರ್ಪಿಸಿದರು. ಅದರಿಂದ ನಿಯಮ ಬದಲಾಗಿಲ್ಲ.

ಗಾನವೃಂದ:
ಸಂಸ್ಕೃತಿಯ ಮಾತು ಇನ್ನೂ ಯಾರೂ ಎತ್ತಿಲ್ಲ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಸುಟ್ಟಾಗ ದೇವರನ್ನು ನಂಬದವರೂ ಬೀದಿಯಲ್ಲಿ ನಿಂತು ಅತ್ತರು. ಅದರ ಚಾವಣಿಯ ಓಕ್ ಮರದ ಚೌಕಟ್ಟಿಗೆ ಕಾಡು ಅಂತಲೇ ಹೆಸರು, ಅಷ್ಟು ಮರ ಅದರಲ್ಲಿತ್ತು. ಮತ್ತೆ ಕಟ್ಟುವಾಗ ಬಡಗಿಗಳು ಕೈಗೊಡಲಿಯಿಂದಲೇ ತೊಲೆ ಕೆತ್ತಿದರು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಕೆಲಸ ಅದ್ಭುತ. ಆದರೆ ಮೊದಲು ಅದನ್ನು ಕಟ್ಟಿದವರಿಗೆ ಅದು ಪಾರಂಪರಿಕ ಕಟ್ಟಡ ಆಗಿರಲಿಲ್ಲ. ಪೂಜೆಗೆ ಜಾಗ ಬೇಕಿತ್ತು, ಕಟ್ಟಿದರು.

ಗಾಯನವೂ ಹಾಗೇ. ಕ್ರಾಂತಿಯ ಹೊಡೆತಕ್ಕೆ ಫ್ರಾನ್ಸಿನಲ್ಲಿ ಮಠಗಳೆಲ್ಲ ಮುಚ್ಚಿದ್ದವು. 1833ರಲ್ಲಿ ಗೆರಾಂಜೆ ಅನ್ನುವ ಗುರು ಸೊಲೆಮ್ ಮಠವನ್ನು ಮತ್ತೆ ಆರಂಭಿಸಿದರು. ಅಲ್ಲಿನ ಸನ್ಯಾಸಿಗಳು ಹಳೆ ಕೈಬರಹದ ಹಾಳೆಗಳನ್ನು ಒಂದೊಂದಾಗಿ ಹೋಲಿಸಿ ಗ್ರೆಗೋರಿಯನ್ ಗಾನವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಯಾವ ಸಂಸ್ಕೃತಿ ಇಲಾಖೆಯೂ ಅದನ್ನು ಮಾಡಿಸಲಿಲ್ಲ. ದಿನಕ್ಕೆ ಏಳೆಂಟು ಸಲ ಒಟ್ಟಿಗೆ ಪ್ರಾರ್ಥಿಸಬೇಕಿತ್ತು, ಹಾಡಲು ಹಾಡು ಬೇಕಿತ್ತು.

ಸಾಕ್ಷಿ:
ಕ್ಷಮಿಸಿ, ಆದರೆ ಇದನ್ನು ಹೇಳದೆ ಇರಲಾರೆ. ಅವನತಿ ಅವನತಿ ಅಂತೀರಿ. 2021ರಲ್ಲಿ ಫ್ರಾನ್ಸಿನ ಸ್ವತಂತ್ರ ಆಯೋಗ ವರದಿ ಕೊಟ್ಟಿತು. 1950ರಿಂದ ಸುಮಾರು 2,16,000 ಮಕ್ಕಳ ಮೇಲೆ ಗುರುಗಳು, ಸನ್ಯಾಸಿಗಳು ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಅದರ ಅಂದಾಜು. ಅದರಲ್ಲಿ 1970ಕ್ಕೆ ಮುಂಚಿನದೇ ಜಾಸ್ತಿ. ಅಂದರೆ ನೀವು ಹೊಗಳುವ ಕಾಲ. ಮೆಕ್ಸಿಕೋದ ಗುರು ಮಾಸಿಯೆಲ್ ಕಟ್ಟಿದ ಸಂಘದಲ್ಲಿ ಶಿಸ್ತು, ನಿಷ್ಠೆ ಎಲ್ಲ ಇತ್ತು. ಅವನು ದಶಕಗಳ ಕಾಲ ಹುಡುಗರನ್ನು ಹಾಳುಮಾಡಿದ. ರೋಮ್ ಕ್ರಮ ತೆಗೆದುಕೊಂಡದ್ದು 2006ರಲ್ಲಿ. ಐರ್ಲೆಂಡಿನ ಜನ ಎದ್ದು ಹೋದರು ಅಂದಿರಲ್ಲ ಜಪಸರ ಅವರೇ, ಅವರು ಯಾಕೆ ಎದ್ದು ಹೋದರು ಅನ್ನುವುದಕ್ಕೆ ಇದೂ ದೊಡ್ಡ ಕಾರಣ. ಬೆರಳು ಜೋಡಿಸಿ ಹಿಡಿಯುವುದು ಸರಿ. ಅದೇ ಕೈ ಮಗುವಿನ ಮೇಲೆ ಬಿದ್ದರೆ?

ಜಪಸರ:
ಸಾಕ್ಷಿ ಅವರೇ, ಕ್ಷಮೆ ಕೇಳಬೇಕಾಗಿಲ್ಲ. ಇದನ್ನು ಬಿಟ್ಟು ಅವನತಿಯ ಮಾತಾಡುವವರು ಅರ್ಧ ಸತ್ಯ ಮಾತ್ರ ಹೇಳುತ್ತಾರೆ. ಹಳೆ ಪೂಜೆ ಯಾರನ್ನೂ ತಾನಾಗಿ ಸಂತನನ್ನಾಗಿ ಮಾಡುವುದಿಲ್ಲ. ಅಪರಾಧ ಮಾಡಿದವರಿಗೆ ನ್ಯಾಯಾಲಯವೇ ಜಾಗ. ಮುಚ್ಚಿಟ್ಟ ಬಿಷಪ್‌ಗಳಿಗೂ ಅದೇ. ಧರ್ಮಸಭೆಯ ಮಾನ ಉಳಿಸಲು ಮುಚ್ಚಿಟ್ಟೆವು ಅಂದವರಿದ್ದಾರೆ. ನನಗೆ ಅಲ್ಲೂ ಅದೇ ರೋಗ ಕಾಣುತ್ತದೆ. ಸ್ಥಾನಮಾನ ದೊಡ್ಡದಾಗಿ, ಬಲಿಪೀಠದ ಮೇಲಿರುವ ಕ್ರಿಸ್ತರು ಚಿಕ್ಕವರಾದರು.

ಕ್ರಿಸ್ತರಾಜ:
ಸಾಕ್ಷಿ ಅವರ ಮಾತಿಗೆ ತಲೆ ಬಾಗುತ್ತೇನೆ.

ಕ್ವಿಬೆಕ್ ವಿಷಯ ನನ್ನನ್ನು ಯೋಚಿಸುವ ಹಾಗೆ ಮಾಡಿದೆ. ಆದರೂ ಕಾನೂನು ಬಿಡುವ ಹಾಗಿಲ್ಲ ಅಂತಲೇ ನಾನು. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತಕ್ಕೆ ಇಡೀ ದೇಶದಲ್ಲಿ ಹಕ್ಕು ಕೊಟ್ಟಿದ್ದ ಹಳೆ ತೀರ್ಪನ್ನು ರದ್ದು ಮಾಡಿತು. ಐವತ್ತು ವರ್ಷ ಕಥೋಲಿಕರು ಮೆರವಣಿಗೆ ಮಾಡಿ, ಜಪಸರ ಹೇಳಿ, ವಾದ ಮಾಡಿ ಅಲ್ಲಿಗೆ ಮುಟ್ಟಿದರು. ಅದು ಪ್ರಾರ್ಥನೆಯೂ ಹೌದು, ರಾಜಕೀಯವೂ ಹೌದು.

ಜಪಸರ:
ಹೌದು, ಆ ದಿನ ನಾನೂ ದೇವರಿಗೆ ಕೃತಜ್ಞತೆ ಹೇಳಿದೆ. ಎರಡು ತಿಂಗಳೂ ಆಗಲಿಲ್ಲ, ಕ್ಯಾನ್ಸಸ್ ರಾಜ್ಯದ ಜನ ಮತ ಹಾಕಿ ಗರ್ಭಪಾತದ ಹಕ್ಕನ್ನು ಉಳಿಸಿಕೊಂಡರು. ಮರುವರ್ಷ ಒಹಾಯೋದವರು ಅದನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ನ್ಯಾಯಾಧೀಶರು ಬದಲಾದರು, ನೆರೆಮನೆಯವರು ಬದಲಾಗಲಿಲ್ಲ.

ಇನ್ನೂ ಒಂದು. 2025ರ ಜನವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ವಲಸೆಯ ವಿಷಯಕ್ಕೆ ಪ್ರೀತಿಯ ಕ್ರಮದ ಬಗ್ಗೆ ಹಳೆ ಬೋಧನೆಯನ್ನು ಎತ್ತಿದರು. ಮೊದಲು ನಮ್ಮ ಮನೆ, ಆಮೇಲೆ ಊರು, ದೇಶ ಅಂತ. ಫೆಬ್ರವರಿ 10ರಂದು ಫ್ರಾನ್ಸಿಸ್ ಅಮೆರಿಕದ ಬಿಷಪ್‌ಗಳಿಗೆ ಪತ್ರ ಬರೆದು, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಉಪಚರಿಸಿದ ಒಳ್ಳೆಯ ಸಮಾರಿಯದವನ ಕಥೆ ನೆನಪಿಸಿದರು. ಪ್ರೀತಿಗೆ ಕ್ರಮ ಇದೆ ಅನ್ನುವ ಬೋಧನೆ ನಿಜವೇ. ದಾರಿಯಲ್ಲಿ ಬಿದ್ದವನನ್ನು ದಾಟಿ ಹೋಗಲು ಅದು ಪರವಾನಗಿ ಅಲ್ಲ ಅನ್ನುವುದೂ ನಿಜವೇ. ಪಕ್ಷಗಳಿಗೆ ಇದರಲ್ಲಿ ಅರ್ಧ ಅರ್ಧ ಮಾತ್ರ ಬೇಕು. 13ನೇ ಲಿಯೋ ಅವರನ್ನು ಪೂರ್ತಿ ಓದಿದವರಿಗೆ ಯಾವ ಪಕ್ಷದಲ್ಲೂ ಹಾಯಾಗಿ ಕೂರಲು ಆಗುವುದಿಲ್ಲ. ಮತ ಹಾಕಿ, ಖಂಡಿತ ಹಾಕಿ. ಪಕ್ಷಕ್ಕೆ ಮನಸ್ಸಾಕ್ಷಿ ಒಪ್ಪಿಸಬೇಡಿ.

ಉಪದೇಶಿ ಟೀಚರ್:
ಇಲ್ಲಿ ನಾವಿಬ್ಬರೂ ಒಂದೇ ಕಡೆ ಬಂದೆವು. 2025ರ ಪಾಸ್ಖದಂದು ಫ್ರಾನ್ಸಿನಲ್ಲಿ 10,000ಕ್ಕೂ ಹೆಚ್ಚು ವಯಸ್ಕರು ದೀಕ್ಷಾಸ್ನಾನ ಪಡೆದರು. ಹಿಂದಿನ ವರ್ಷ ಸುಮಾರು 7,100 ಇತ್ತು. ಬಹುಪಾಲು ಜನ ಸೇರಿದ್ದು ಹೊಸ ಪೂಜೆ ನಡೆಯುವ ಸಾಮಾನ್ಯ ಧರ್ಮಕೇಂದ್ರಗಳಿಗೆ. ಅದೂ ಸರ್ಕಾರ ಧರ್ಮದಿಂದ ಅಷ್ಟು ದೂರ ಇರುವ ದೇಶದಲ್ಲಿ!

ಹಿಂದಿನ ಬೆಂಚು:
ಟೀಚರ್, ಅದೇ ದೇಶದಲ್ಲಿ ಪಂಚಾಶತ್ತಮದ ಹಬ್ಬಕ್ಕೆ (ಪಾಸ್ಖದಿಂದ ಐವತ್ತನೇ ದಿನ) ಪ್ಯಾರಿಸ್‌ನಿಂದ ಶಾರ್ತ್‌ಗೆ ಮೂರು ದಿನ, ಸುಮಾರು 100 ಕಿಲೋಮೀಟರ್ ನಡೆಯುವ ಯಾತ್ರೆ ಇದೆ. 1983ರಿಂದ ನಡೆಯುತ್ತಿದೆ, ಹಳೆ ಪೂಜೆಯೇ. ಈಚೆಗೆ 15,000ಕ್ಕೂ ಹೆಚ್ಚು ಜನ, ಅದರಲ್ಲಿ ಹುಡುಗ ಹುಡುಗಿಯರೇ ಜಾಸ್ತಿ. ಪಾದದಲ್ಲಿ ಬೊಕ್ಕೆ ಎದ್ದರೂ ಹಾಡುತ್ತಾ ಹೋಗುತ್ತಾರೆ. ಎರಡೂ ಕಡೆ ದೇವರು ಕೆಲಸ ಮಾಡುತ್ತಿದ್ದಾರೆ ಅಂದರೆ ನಿಮ್ಮ ತಕರಾರಿಲ್ಲ ತಾನೇ?

ಉಪದೇಶಿ ಟೀಚರ್:
ಖಂಡಿತ ಇಲ್ಲ. ಯಾವುದೋ ಒಂದು ಕಡೆಯವರನ್ನು ಹೊರಗಿಡುವುದಕ್ಕೆ ಮಾತ್ರ ನನ್ನ ತಕರಾರು.

ಕಿಟಕಿ ಪಕ್ಕ:
ನಮ್ಮ ಹತ್ತಿರ ಹಳೆ ಪೂಜೆ ಇಲ್ಲ. ಮನೆಯಲ್ಲಿ ಏನಾದರೂ ಶುರು ಮಾಡಬಹುದಾ? ಯಾರ ಅನುಮತಿಯೂ ಬೇಡವಾದದ್ದು.

ಜಪಸರ:
ಧಾರಾಳವಾಗಿ ಮಾಡಬಹುದು. ಮೊದಲು ಶುಕ್ರವಾರ ಮಾಂಸ ಬಿಡಿ. ಇಂಗ್ಲೆಂಡ್, ವೇಲ್ಸ್‌ನ ಬಿಷಪ್‌ಗಳು 2011ರಲ್ಲಿ ಆ ನಿಯಮವನ್ನೇ ವಾಪಸ್ ತಂದರು, ಅಂದರೆ ಬಿಟ್ಟದ್ದನ್ನು ಮತ್ತೆ ಹಿಡಿಯಬಹುದು. ಅದು ರೂಢಿಯಾದ ಮೇಲೆ ನಾಲ್ಕು ಋತುಗಳ ಉಪವಾಸ ಸೇರಿಸಿಕೊಳ್ಳಿ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲ ಬುಧವಾರ, ಶುಕ್ರವಾರ, ಶನಿವಾರ. ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲದ ಮೊದಲ ಭಾನುವಾರ ಆದಮೇಲೆ ಒಂದು, ಪಂಚಾಶತ್ತಮ ಆದಮೇಲೆ ಒಂದು, ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದ ನಂತರ ಒಂದು, ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದ ನಂತರ ಇನ್ನೊಂದು. ಗುರು ಅಭಿಷೇಕಗಳು ಹಿಂದೆ ಈ ಶನಿವಾರಗಳಂದೇ ಜಾಸ್ತಿ ನಡೆಯುತ್ತಿದ್ದವು. ಹಾಗಾಗಿ ಆ ಮೂರು ದಿನ ನಿಮ್ಮ ಧರ್ಮಕೇಂದ್ರದ ಗುರುಗಳಿಗಾಗಿ ಒಂದೊಂದು ಜಪಸರ ಹೇಳಿ. ಮಕ್ಕಳು, ಗರ್ಭಿಣಿಯರು, ಕಾಯಿಲೆಯವರು, ವಯಸ್ಸಾದವರು ಊಟ ಬಿಡಬಾರದು, ಪ್ರಾರ್ಥನೆಗೆ ಮಾತ್ರ ಸೇರಲಿ. ನಿಮಗೆ ಮುಂದೆ ಯಾವ ಋತು ಬರುತ್ತದೋ ಅದರಿಂದಲೇ ಶುರು ಮಾಡಿ.